ಲ್ಯಾಪ್‌ಟಾಪಿನ ಬೇಡದ ನಂಟು

ನಂಟಸ್ತಿಕೆಯ ವಿಷಯದಲ್ಲಿ ಮನುಷ್ಯನಿಗೂ ಲ್ಯಾಪ್‌ಟಾಪಿಗೂ ಒಂದು ವ್ಯತ್ಯಾಸವುಂಟು. ಮನುಷ್ಯನು ಒಮ್ಮೆ ಉಂಡ ಮನೆಯನ್ನು ಕಾಲಕ್ರಮದಲ್ಲಿ ಮರೆತರೂ ಮರೆತಾನು, ಲ್ಯಾಪ್‌ಟಾಪು ಮರೆಯುವುದಿಲ್ಲ. ಒಮ್ಮೆ ಯಾವ ನಿಸ್ತಂತು ಜಾಲದ ಬಾಗಿಲು ತನಗೆ ತೆರೆಯಿತೋ ಆ ಬಾಗಿಲಿನ ಮುಂದೆ ಹಾದುಹೋದಾಗಲೆಲ್ಲ, ಯಜಮಾನರ ಅಪ್ಪಣೆಗೆ ಕಾಯದೆ, ಒಳಗೆ ಹೋಗಿ ಕುಳಿತುಬಿಡುತ್ತದೆ. ಈ ಸ್ವಭಾವದಿಂದ ಬೇಸತ್ತ ಮೂವರು ವಾಚಕರ ಪತ್ರಗಳು ನಮ್ಮ ಮುಂದಿವೆ: ಹೊಸಪೇಟೆಯಿಂದ ಒಂದು, ಸಂಡೂರಿನಿಂದ ಒಂದು, ಕಂಪ್ಲಿಯಿಂದ ಒಂದು. ಮೇಲ್ನೋಟಕ್ಕೆ ಮೂರರ ದೂರೂ ಒಂದೇ. ಕಾರಣಗಳು ಮಾತ್ರ ಬೇರೆ ಬೇರೆ. ಆದಕಾರಣ ಈ ವಾರದ ಪುಟವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಹೊಸಪೇಟೆಯ ಪತ್ರ ಚಿತ್ತವಾಡಗಿಯ ಕಡೆಯ ಗೃಹಿಣಿಯೊಬ್ಬರದು. ಅವರ ಮಗಳು ಕಾಲೇಜಿನ ಪ್ರವೇಶದ ಅರ್ಜಿಯನ್ನು ಕೊನೆಯ ದಿನದ ಸಂಜೆ ತುಂಬುತ್ತಿದ್ದಳಂತೆ. ಎಲ್ಲ ಸಾಂಗವಾಗಿ ನಡೆದು, ಶುಲ್ಕ ಕಟ್ಟುವ ಘಳಿಗೆಗೆ ಸರಿಯಾಗಿ ಪರದೆಯ ಮೇಲಿನ ಚಕ್ರ ಸುತ್ತತೊಡಗಿತು. ಹಣವು ಖಾತೆಯಿಂದ ಹೋಯಿತು, ರಸೀದಿ ಬರಲಿಲ್ಲ. ಗಾಬರಿಯಿಂದ ನೋಡಿದರೆ ಲ್ಯಾಪ್‌ಟಾಪು ಸ್ವಂತ ಮನೆಯ ಜಾಲವನ್ನು ಬಿಟ್ಟು ಹಿಂದಿನ ಮನೆಯವರ ಜಾಲಕ್ಕೆ ಅಂಟಿಕೊಂಡಿದೆ! ಹಣವೇನೋ ಕೆಲವು ದಿನಗಳಲ್ಲಿ ಮರಳಿತು. ಅರ್ಜಿಯ ಗಡುವು ಮರಳಲಿಲ್ಲ. "ತಿಂಗಳು ತಿಂಗಳೂ ದುಡ್ಡು ಕಟ್ಟುವ ನಮ್ಮದೇ ಸಂಪರ್ಕ ಮನೆಯಲ್ಲಿರುವಾಗ ಇದು ಪರರ ಮನೆಗೆ ಏಕೆ ಹೋಗಬೇಕು? ಅವರೇ ಏನಾದರೂ ಮಾಡಿ ನಮ್ಮ ಯಂತ್ರವನ್ನು ಎಳೆದುಕೊಳ್ಳುತ್ತಿದ್ದಾರೆಯೆ?" ಎಂದು ಅವರು ಕೇಳಿದ್ದಾರೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತುಕತೆ ನಿಂತಿದೆಯೆಂದೂ ಪತ್ರದ ಕೊನೆಯ ಸಾಲಿನಲ್ಲಿದೆ.

ಮಾತು ನಿಂತಿರುವ ವಿಷಯವೇ ನಮಗೆ ಹೆಚ್ಚು ಮುಖ್ಯವಾಗಿ ಕಂಡಿತು. ಆದ್ದರಿಂದ ಮೊದಲು ಅದಕ್ಕೆ ಉತ್ತರ: ಇಲ್ಲ, ಅವರು ಎಳೆದುಕೊಳ್ಳುತ್ತಿಲ್ಲ. ಹಾಗೆ ಎಳೆಯುವ ಹಗ್ಗವೇ ಇಲ್ಲ.

ವೈ-ಫೈ ಎಂಬುದು ಬೇರೇನೂ ಅಲ್ಲ, ರೇಡಿಯೋ. ನಮ್ಮ ಹಿರಿಯರು ಪಡಸಾಲೆಯ ಗೂಡಿನಲ್ಲಿಟ್ಟು ವಾರ್ತೆ ಕೇಳುತ್ತಿದ್ದ ಪೆಟ್ಟಿಗೆಯ ಮರಿಮಗನೆಂದು ತಿಳಿಯಬಹುದು. ಆ ಪೆಟ್ಟಿಗೆ ಕೇಳುತ್ತಿತ್ತೇ ಹೊರತು ಮಾತನಾಡುತ್ತಿರಲಿಲ್ಲ. ಆದರೂ ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸು ಮಾಡಿಸಬೇಕಾಗಿತ್ತು. ಈಗಿನ ರೌಟರು ಕೇಳುವುದಷ್ಟೇ ಅಲ್ಲ, ಹಗಲಿರುಳೂ ಮಾತನಾಡುತ್ತದೆ, ಅದಕ್ಕೆ ಲೈಸೆನ್ಸಿಲ್ಲ. ವೈ-ಫೈ ಹಿಡಿಯುವ ೨.೪ ಗಿಗಾಹರ್ಟ್ಸ್ ತರಂಗಗಳನ್ನು ಅಲ್ಪಶಕ್ತಿಯ ಉಪಕರಣಗಳಿಗಾಗಿ ಭಾರತ ಸರ್ಕಾರವು ೨೦೦೫ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಿತು. ೫ ಗಿಗಾಹರ್ಟ್ಸಿನ ವಿಶಾಲವಾದ ಪಟ್ಟಿಗೆ ಅದೇ ಸೌಲಭ್ಯ ೨೦೧೮ರಲ್ಲಿ ದೊರೆಯಿತು. ೮೦೨.೧೧ ಎಂಬ ಸಂಖ್ಯೆಯ ಮೂಲ ನಿಯಮಾವಳಿ ೧೯೯೭ರದು. ಬಾಯಿಗೆ ಸುಲಭವಾದ ವೈ-ಫೈ ಎಂಬ ಹೆಸರು ಹುಟ್ಟಿದ್ದು ೧೯೯೯ರಲ್ಲಿ. ಇದಕ್ಕೂ ಬಹಳ ಮುಂಚೆ, ೧೯೭೧ರಲ್ಲಿ, ಹವಾಯಿ ದ್ವೀಪಗಳ ವಿಶ್ವವಿದ್ಯಾನಿಲಯದವರು ದ್ವೀಪದಿಂದ ದ್ವೀಪಕ್ಕೆ ಗಣಕಯಂತ್ರಗಳನ್ನು ರೇಡಿಯೋ ಮೂಲಕ ಮಾತನಾಡಿಸಿದ್ದರು. ಇರಲಿ, ಇತಿಹಾಸ ಇಷ್ಟು ಸಾಕು.

ರೌಟರು ಮಾತನಾಡುತ್ತದೆಯೆಂದೆವಷ್ಟೆ. ಏನು ಮಾತನಾಡುತ್ತದೆ? ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರನ್ನು ಕೂಗಿಕೊಳ್ಳುತ್ತದೆ: "ನಾನು ಇಂಥವನು, ಇಲ್ಲಿದ್ದೇನೆ, ನನ್ನ ಬಾಗಿಲಿಗೆ ಬೀಗವಿದೆ" ಅಥವಾ "ಬೀಗವಿಲ್ಲ." ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಹಂಪಿಯ ಆಟೋದವರು ಕೂಗುವುದನ್ನು ನೆನೆದುಕೊಳ್ಳಿ. ಕೂಗುವುದು ಅವರ ಕೆಲಸ. ಹತ್ತುವುದು ಬಿಡುವುದು ಪ್ರಯಾಣಿಕನ ಇಚ್ಛೆ. ಹಿಂದಿನ ಮನೆಯ ರೌಟರು ಕೂಗುತ್ತದೆ; ನಿಮ್ಮ ಲ್ಯಾಪ್‌ಟಾಪು ಹತ್ತುತ್ತದೆ. ತಪ್ಪನ್ನು ಹುಡುಕಬೇಕಾದದ್ದು ಹತ್ತಿದವನಲ್ಲಿ.

ಈ ಹೆಸರಿನ ವಿಷಯದಲ್ಲೊಂದು ಸ್ವಾರಸ್ಯ. ಜಾಲದ ಹೆಸರಿಗೆ ೩೨ ಬೈಟುಗಳ ಮಿತಿಯುಂಟು. ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಬೈಟು ಸಾಕಾದರೆ ಕನ್ನಡದ ಪ್ರತಿ ಅಕ್ಷರಕ್ಕೂ, ಅದರ ಮೇಲಿನ ಗುಣಿತಚಿಹ್ನೆಗೂ, ಮೂರು ಮೂರು ಬೈಟು ಬೇಕು. ಎಂದರೆ ಕನ್ನಡದಲ್ಲಿ ಹೆಸರಿಡುವವರಿಗೆ ಚಿಹ್ನೆಗಳೂ ಸೇರಿ ಹತ್ತೇ ಸ್ಥಾನ. "ಪಂಪಾ" ಎಂದು ಇಡಬಹುದು. "ಪಂಪಾಪತಿ ನಿಲಯ" ಎಂದರೆ ಹಿಡಿಸುವುದಿಲ್ಲ.

ಇನ್ನು ಮುಖ್ಯ ವಿಷಯ. ಬೀಗವಿರುವ ಜಾಲಕ್ಕೆ ಲ್ಯಾಪ್‌ಟಾಪು ತಾನಾಗಿಯೇ ಎಂದಿಗೂ ಮೊದಲ ಸಲ ಹೋಗಲಾರದು. ಪಾಸ್‌ವರ್ಡನ್ನು ಯಾರಾದರೂ ಒಮ್ಮೆ ಕೊಟ್ಟಿರಲೇಬೇಕು. ಕೊಟ್ಟವರು ಹುಡುಗರಾಗಿರಬಹುದು, ಬಂದ ನಂಟರಾಗಿರಬಹುದು, ರಿಪೇರಿಯ ಅಂಗಡಿಯವರಾಗಿರಬಹುದು. ಒಮ್ಮೆ ಕೊಟ್ಟರೆ ಸಾಕು, ಯಂತ್ರವು ಆ ಹೆಸರನ್ನೂ ಪಾಸ್‌ವರ್ಡನ್ನೂ ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಆ ಹೆಸರು ಕಿವಿಗೆ ಬಿದ್ದೊಡನೆ ತಾನೇ ಹೋಗಿ ಸೇರುತ್ತದೆ. ಆ ಗೃಹಿಣಿಗೆ ನಾವು ಮರುಪತ್ರದಲ್ಲಿ ಕೇಳಿದ ಪ್ರಶ್ನೆ ಒಂದೇ: ಹಿಂದಿನ ಮನೆಯ ಪಾಸ್‌ವರ್ಡು ನಿಮ್ಮ ಮನೆಯಲ್ಲಿ ಯಾರಿಗೆ ಗೊತ್ತು? ಉತ್ತರ ಬಂದಿದೆ. ಹಿಂದಿನ ವರ್ಷ ಇವರ ಸಂಪರ್ಕ ಮೂರು ದಿನ ಕೆಟ್ಟು ನಿಂತಿದ್ದಾಗ ಮಗನು ಕ್ರಿಕೆಟ್ ನೋಡುವುದಕ್ಕೆಂದು ಆ ಮನೆಯ ಅಜ್ಜಿಯನ್ನೇ ಕೇಳಿ ಪಾಸ್‌ವರ್ಡು ತಂದಿದ್ದನಂತೆ. ಅಜ್ಜಿ ಕೊಟ್ಟ ಸಕ್ಕರೆ ಅಂದೇ ತೀರಿತು. ಪಾಸ್‌ವರ್ಡು ಮಾತ್ರ ತೀರಲಿಲ್ಲ.

ಈ ಪಟ್ಟಿ ಎಷ್ಟು ಹಳೆಯದನ್ನೂ ಹಿಡಿದಿಟ್ಟುಕೊಳ್ಳುತ್ತದೆಂಬುದಕ್ಕೆ ನಮ್ಮ ಸೀಮೆಯ ಉದಾಹರಣೆಯೊಂದುಂಟು. ಹಂಪಿಯ ಎದುರಿಗೆ ನದಿಯ ಆಚೆ ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗರಿಗಾಗಿ ಎದ್ದಿದ್ದ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ೨೦೨೦ರಲ್ಲಿ ಕೆಡವಲಾಯಿತು. ಕಟ್ಟಡಗಳು ಹೋದವು. ಆದರೆ ಅಲ್ಲಿ ಒಂದು ರಾತ್ರಿ ತಂಗಿ ಅಲ್ಲಿಯ ಜಾಲಕ್ಕೆ ಸೇರಿದ್ದ ಯಂತ್ರವು ಇಂದಿಗೂ ಉಪಯೋಗದಲ್ಲಿದ್ದರೆ, ಯಾರೂ ಅಳಿಸಿರದ ಪಕ್ಷದಲ್ಲಿ, ಆ ವಸತಿಗೃಹದ ಹೆಸರು ಅದರ ಪಟ್ಟಿಯಲ್ಲಿ ಇನ್ನೂ ಇರುತ್ತದೆ. ಇದ್ದರೇನಂತೆ ಎನ್ನುತ್ತೀರಾ? ಆ ಹೆಸರಿನಲ್ಲಿ ನಾಳೆ ಬೇರೊಬ್ಬನು ಕೂಗಬಹುದು. ಆ ಮಾತಿಗೆ ಮುಂದೆ ಬರುತ್ತೇವೆ.

ಮೊದಲು ಪರಿಹಾರ. ವಿಂಡೋಸ್ ೧೧ ಇರುವ ಯಂತ್ರದಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಎಂಬಲ್ಲಿ ವೈ-ಫೈಗೆ ಹೋಗಿ, ಮ್ಯಾನೇಜ್ ನೋನ್ ನೆಟ್‌ವರ್ಕ್ಸ್ ಎಂಬುದನ್ನು ಒತ್ತಿರಿ. ಪಟ್ಟಿ ಎದುರಿಗೆ ಬರುತ್ತದೆ. ಮೊದಲ ಸಲ ನೋಡುವವರಿಗೆ ಸ್ವಲ್ಪ ಆಶ್ಚರ್ಯವೇ ಆದೀತು: ಮದುವೆಗೆ ಹೋದ ಕಲ್ಯಾಣಮಂಟಪ, ಎರಡು ವರ್ಷದ ಹಿಂದಿನ ಆಸ್ಪತ್ರೆ, ಭಾವಮೈದುನನ ಹಳೆಯ ಮೊಬೈಲು, ಎಲ್ಲವೂ ಅಲ್ಲಿರುತ್ತವೆ. ಯಾವುದು ಬೇಡವೋ ಅದರ ಮುಂದಿನ ಫರ್ಗೆಟ್ ಎಂಬುದನ್ನು ಒತ್ತಿದರೆ ಹೆಸರೂ ಪಾಸ್‌ವರ್ಡೂ ಒಟ್ಟಿಗೆ ಅಳಿದುಹೋಗುತ್ತವೆ. ಹಿಂದಿನ ಮನೆಯ ಜಾಲ ಆಪತ್ಕಾಲಕ್ಕೆ ಬೇಕು, ಆದರೆ ತಾನಾಗಿ ಹೋಗಬಾರದು ಎನ್ನುವವರು ಅಳಿಸಬೇಕಾದ್ದಿಲ್ಲ. ಆ ಹೆಸರನ್ನು ತೆರೆದು, ವ್ಯಾಪ್ತಿಯಲ್ಲಿದ್ದಾಗ ತಾನಾಗಿ ಸೇರು ಎಂಬ ಅರ್ಥದ ಕನೆಕ್ಟ್ ಆಟೊಮ್ಯಾಟಿಕಲಿ ಎಂಬ ಸಾಲಿನ ಗುರುತನ್ನು ತೆಗೆದುಹಾಕಿದರೆ ಸಾಕು. ಆಗ ನೀವು ಕೈಯಾರೆ ಒತ್ತಿದರೆ ಮಾತ್ರ ಅದು ಸೇರುತ್ತದೆ.

ಆಪಲ್‌ನವರ ಮ್ಯಾಕ್ ಇರುವವರಿಗೆ ಸಿಸ್ಟಮ್ ಸೆಟ್ಟಿಂಗ್ಸಿನ ವೈ-ಫೈ ಪುಟದಲ್ಲಿ ಇದೇ ಬಗೆಯ ಪಟ್ಟಿ ಸಿಗುತ್ತದೆ. ಅಲ್ಲಿ ಆಟೋ-ಜಾಯಿನ್ ಎಂಬುದನ್ನು ನಿಲ್ಲಿಸಬಹುದು, ಅಥವಾ ಮರೆಯುವಂತೆ ಹೇಳಬಹುದು. ಆದರೆ ಅವರು ಇನ್ನೊಂದು ವಿಚಾರವನ್ನು ಗಮನಿಸಬೇಕು. ಒಂದೇ ಖಾತೆಯ ಐಫೋನೂ ಮ್ಯಾಕೂ ತಮ್ಮ ಪಟ್ಟಿಯನ್ನು ಐಕ್ಲೌಡಿನ ಮೂಲಕ ಹಂಚಿಕೊಳ್ಳುತ್ತವೆ. ಫೋನು ಕಂಡ ಜಾಲವನ್ನು ಲ್ಯಾಪ್‌ಟಾಪೂ ಕಂಡಂತೆಯೇ ಲೆಕ್ಕ. "ಈ ಯಂತ್ರವನ್ನು ನಾನು ಆ ಹೋಟೆಲಿಗೆ ಒಯ್ದೇ ಇಲ್ಲ, ಆದರೂ ಹೆಸರು ಹೇಗೆ ಬಂತು?" ಎಂದು ಕೇಳುವವರಿಗೆ ಇದೇ ಸಮಾಧಾನ. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿಯೂ ಅಳಿಯುತ್ತದೆಂಬುದನ್ನೂ ನೆನಪಿನಲ್ಲಿಡಿ. ಇಲ್ಲವಾದರೆ ಮನೆಯಾಕೆಯ ಫೋನು ಕಚೇರಿಯಲ್ಲಿ ಏಕಾಏಕಿ ಪಾಸ್‌ವರ್ಡು ಕೇಳೀತು.

ಪರರ ಜಾಲದ ಹೆಸರು ಕಣ್ಣಿಗೇ ಬೀಳಬಾರದೆಂದು ಬಯಸುವವರೂ ಇದ್ದಾರೆ. ವಿಂಡೋಸಿನಲ್ಲಿ ಅದಕ್ಕೊಂದು ಆಜ್ಞೆಯುಂಟು. ಅದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದ ಕಪ್ಪು ಕಿಟಕಿಯಲ್ಲಿ ಅಕ್ಷರ ತಪ್ಪದೆ ಇಂಗ್ಲಿಷಿನಲ್ಲಿ ಬರೆಯಬೇಕು. ಬಲ್ಲವರಿಂದ ಮಾಡಿಸಿಕೊಳ್ಳುವುದು ಲೇಸು. ಹೆಸರು ಮರೆಯಾದರೂ ಆ ತರಂಗಗಳೇನೂ ನಿಲ್ಲುವುದಿಲ್ಲ.

ಸಂಡೂರಿನ ಪತ್ರ ನಿವೃತ್ತ ಉಪಾಧ್ಯಾಯರೊಬ್ಬರದು. ಅಕ್ಷರ ಮುತ್ತಿನಂತಿದೆ, ಸಿಟ್ಟೂ ಅಷ್ಟೇ ಸ್ಪಷ್ಟವಾಗಿದೆ. ಅವರ ಮೊಬೈಲಿಗೆ ಪ್ರತಿದಿನ ಇಷ್ಟು ಎಂದು ಗೊತ್ತುಮಾಡಿದ ಡೇಟಾ ಬೆಳಗಿನ ಕಾಫಿಯ ಹೊತ್ತಿಗೇ ಮುಗಿದುಹೋಗುತ್ತದಂತೆ. ಮನೆಯಲ್ಲಿ ಬೇರೆ ಬ್ರಾಡ್‌ಬ್ಯಾಂಡ್ ಸಂಪರ್ಕವಿದ್ದೂ ಹೀಗೇಕೆಂದು ಮೊಬೈಲ್ ಕಂಪನಿಯವರ ಮೇಲೆ ಅವರಿಗೆ ಸಂದೇಹ. ಒಂದು ಸಂಗತಿಯನ್ನು ಅವರೇ ನಡುವೆ ಬರೆದಿದ್ದಾರೆ: ತಿಂಗಳ ಹಿಂದೆ ಮೊಮ್ಮಗಳು ರಜೆಗೆ ಬಂದಿದ್ದಾಗ ಅವರ ಫೋನಿನ ಹಾಟ್‌ಸ್ಪಾಟನ್ನು ಲ್ಯಾಪ್‌ಟಾಪಿಗೆ ಸೇರಿಸಿ ಕೊಟ್ಟಿದ್ದಳು.

ಅಲ್ಲಿದೆ ಗಂಟು. ಹಾಟ್‌ಸ್ಪಾಟು ತೆರೆದಿರುವ ಫೋನು ಲ್ಯಾಪ್‌ಟಾಪಿನ ದೃಷ್ಟಿಯಲ್ಲಿ ಒಂದು ರೌಟರೇ. ಉಪಾಧ್ಯಾಯರು ಫೋನನ್ನು ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಕೂರುತ್ತಾರೆ. ಮನೆಯ ರೌಟರಾದರೋ ಮುಂದಿನ ಪಡಸಾಲೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ. ನಡುವೆ ಹಳೆಯ ಕಾಲದ ಕಲ್ಲುಗೋಡೆ ಎರಡು. ದೂರದ ರೌಟರಿನ ಪಿಸುಮಾತು ಕ್ಷೀಣವಾಗಿ ಅಳಿಸಿಹೋದ ಕ್ಷಣದಲ್ಲಿ ಯಂತ್ರವು ತನಗೆ ಪರಿಚಯವಿರುವ ಮತ್ತೊಂದು ದನಿಯನ್ನು ಅರಸುತ್ತದೆ. ಅಂಗುಲಗಳ ದೂರದಲ್ಲಿ ಫೋನು ಕೂಗುತ್ತಿರುತ್ತದೆ. ಸೇರಿದ ಮೇಲೆ ಮನೆಯ ಸಂಪರ್ಕವೇ ಸಿಕ್ಕಿತೆಂದು ಭಾವಿಸಿ, ಬಾಕಿಯಿದ್ದ ತನ್ನ ಅಪ್‌ಡೇಟುಗಳನ್ನೆಲ್ಲ ಆ ಪುಟ್ಟ ಕೊಡದಿಂದಲೇ ಮೊಗೆದುಕೊಳ್ಳತೊಡಗುತ್ತದೆ. ಬೆಳಗಿನ ಕಾಫಿಯ ವೇಳೆಗೆ ಕೊಡ ಬರಿದು. ಕಂಪನಿಯವರು ಇದರಲ್ಲಿ ನಿರ್ದೋಷಿಗಳು.

ಇಲ್ಲಿ ಮಾಡಬೇಕಾದದ್ದು ಎರಡು. ಫೋನಿನ ಹಾಟ್‌ಸ್ಪಾಟನ್ನು ಕೆಲಸ ಮುಗಿದೊಡನೆ ಆರಿಸಬೇಕು. ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಆ ಫೋನಿನ ಹೆಸರಿಗೆ ಮೀಟರ್ಡ್ ಕನೆಕ್ಷನ್ ಎಂಬ ಗುರುತು ಹಾಕಬೇಕು. ಹಾಗೆ ಹಾಕಿದ ಜಾಲದಲ್ಲಿ ವಿಂಡೋಸ್ ತನ್ನ ಬಹುತೇಕ ಅಪ್‌ಡೇಟುಗಳನ್ನು ಮುಂದಕ್ಕೆ ಹಾಕಿ ಕೈಬಿಗಿ ಹಿಡಿಯುತ್ತದೆ.

ಆದರೆ ನಮ್ಮ ಅಭಿಪ್ರಾಯದಲ್ಲಿ ಉಪಾಧ್ಯಾಯರ ಮನೆಯ ನಿಜವಾದ ರೋಗ ಆ ಬೀರುವಿನ ಹಿಂದಿದೆ. ೨.೪ ಗಿಗಾಹರ್ಟ್ಸಿನ ತರಂಗದ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರು; ೫ ಗಿಗಾಹರ್ಟ್ಸಿನದು ಅದರ ಅರ್ಧ. ಉದ್ದನೆಯ ತರಂಗ ಗೋಡೆಯನ್ನು ತಕ್ಕಮಟ್ಟಿಗೆ ಹಾಯುತ್ತದೆ. ಗಿಡ್ಡನೆಯದು ವೇಗದಲ್ಲಿ ಮುಂದು, ಗೋಡೆಯ ಮುಂದೆ ಹಿಂದು. ಕಬ್ಬಿಣ ಎರಡನ್ನೂ ಹಿಂದಕ್ಕೆ ಹೊಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಆದ್ದರಿಂದ ರೌಟರನ್ನು ಬೀರುವಿನ ಹಿಂದೆ, ಫ್ರಿಜ್ಜಿನ ಮೇಲೆ, ನೀರಿನ ಡ್ರಮ್ಮಿನ ಪಕ್ಕದಲ್ಲಿ ಇಡಬಾರದು. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ೨.೪೫ ಗಿಗಾಹರ್ಟ್ಸಿನ ಸುತ್ತಲೇ ಕೆಲಸ ಮಾಡುವುದರಿಂದ ಅದರ ನೆರೆಯೂ ಒಳ್ಳೆಯದಲ್ಲ. ಮನೆಯ ನಡುಭಾಗದಲ್ಲಿ, ತಲೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಸುತ್ತ ಬಯಲಿರುವಂತೆ ಇಟ್ಟರೆ ಅರ್ಧ ಕಾಯಿಲೆ ವಾಸಿಯಾಗುತ್ತದೆ. ಸ್ವಂತ ಜಾಲದ ದನಿ ಗಟ್ಟಿಯಾಗಿ ಕೇಳುವ ಮನೆಯಲ್ಲಿ ಲ್ಯಾಪ್‌ಟಾಪು ಅಷ್ಟಾಗಿ ಅಲೆಯುವುದಿಲ್ಲ. ಚಿತ್ತವಾಡಗಿಯವರೂ ತಮ್ಮ ರೌಟರು ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳಲಿ. ಹಿಂದಿನ ಮನೆಯ ದನಿಯೇ ಗಟ್ಟಿಯಾಗಿ ಕೇಳುತ್ತಿದ್ದುದಕ್ಕೆ ಕಾರಣ ಅಲ್ಲಿಯೂ ಇದ್ದೀತು.

ವಿಂಡೋಸಿನಲ್ಲಿ ಇನ್ನೊಂದು ಸಣ್ಣ ಗುರುತು ಅಡಗಿದೆ. ಹಳೆಯ ಕಂಟ್ರೋಲ್ ಪ್ಯಾನೆಲಿನ ಮೂಲಕ ವೈ-ಫೈ ಸ್ಥಿತಿಯ ಪುಟಕ್ಕೆ ಹೋಗಿ ವೈರ್‌ಲೆಸ್ ಪ್ರಾಪರ್ಟೀಸ್ ತೆರೆದರೆ, ಈ ಜಾಲದಲ್ಲಿರುವಾಗಲೇ ಬೇರೆ ಜಾಲಗಳನ್ನು ಹುಡುಕಲೇ ಎಂಬರ್ಥದ ಸಾಲೊಂದು ಕಾಣುತ್ತದೆ. ಯಂತ್ರವು ಕೆಲಸದ ನಡುವೆ ಜಿಗಿಯುತ್ತಿದ್ದರೆ ಅಲ್ಲಿ ಗುರುತಿದೆಯೇ ಎಂದು ನೋಡಿ, ಇದ್ದರೆ ತೆಗೆಯಿರಿ.

ಇನ್ನು ಕಂಪ್ಲಿಯ ಪತ್ರ. ಇದು ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಬರೆದವರು ಸಂಶೋಧನ ವಿದ್ಯಾರ್ಥಿನಿ; ಹಂಪಿಗೆ ಆಗಾಗ ಓಡಾಡುತ್ತಾರೆ. ಒಂದು ದಿನ ಹಂಪಿಯಲ್ಲಿ ಕಾಫಿಗೆ ಕುಳಿತಾಗ ಲ್ಯಾಪ್‌ಟಾಪು ತೆರೆದರೆ, ಕಂಪ್ಲಿಯಲ್ಲಿರುವ ಅವರ ಮನೆಯ ಜಾಲಕ್ಕೇ ಸೇರಿರುವುದಾಗಿ ತೋರಿಸಿತಂತೆ! ಮೈಲಿಗಟ್ಟಲೆ ದೂರದ ಮನೆಯ ರೌಟರು ಹಂಪಿಗೆ ಕೇಳಿಸುವುದುಂಟೆ? ಕೇಳಿಸದು. ಅವರ ಮನೆಯ ರೌಟರಿಗೆ ತಯಾರಕರು ಇಟ್ಟ ಹೆಸರೇ ಇನ್ನೂ ಇದೆ, ಪಾಸ್‌ವರ್ಡು ಹಾಕಿಲ್ಲ. ಅದೇ ತಯಾರಕರ ಅದೇ ಹೆಸರಿನ ಇನ್ನೊಂದು ರೌಟರು, ಅದೂ ಬೀಗವಿಲ್ಲದ್ದು, ಹಂಪಿಯಲ್ಲಿ ಎಲ್ಲೋ ಹತ್ತಿರದಲ್ಲಿದೆ. ಎರಡಕ್ಕೂ ವ್ಯತ್ಯಾಸ ಯಂತ್ರಕ್ಕೆ ತಿಳಿಯಲಿಲ್ಲ.

ಹಂಪಿಯವರಿಗೆ ಈ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಅವರ ಬೆಟ್ಟಗಳಲ್ಲೇ ನಡೆದ ಕಥೆ. ವಾಲಿಯೂ ಸುಗ್ರೀವನೂ ಹೋರಾಡುತ್ತಿದ್ದಾಗ ಇಬ್ಬರ ರೂಪವೂ ಒಂದೇ ಆಗಿದ್ದುದರಿಂದ ಶ್ರೀರಾಮನು ಬಾಣ ಬಿಡದೆ ನಿಂತ; ಸುಗ್ರೀವನು ಪೆಟ್ಟು ತಿಂದು ಋಷ್ಯಮೂಕಕ್ಕೆ ಓಡಿಬಂದ. ಎರಡನೆಯ ಸಲ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ಮಾಲೆಯಾಗಿ ಹಾಕಿಸಿದ ಮೇಲೆಯೇ ಗುರುತು ಸಿಕ್ಕಿದ್ದು. ಜಾಲದ ಹೆಸರು ಮುಖದಂತೆ. ಯಾರು ಬೇಕಾದರೂ ಅದೇ ಮುಖ ತೊಟ್ಟು ನಿಲ್ಲಬಹುದು. ಪಾಸ್‌ವರ್ಡು ಗಜಪುಷ್ಪಿಯ ಮಾಲೆ. ಲ್ಯಾಪ್‌ಟಾಪು ಬೀಗವಿರುವ ಜಾಲಕ್ಕೆ ಸೇರುವಾಗ ಪಾಸ್‌ವರ್ಡನ್ನು ಬಯಲಿನಲ್ಲಿ ಕೂಗಿ ಹೇಳುವುದಿಲ್ಲ. ಎರಡೂ ಕಡೆಯವರು ಅದನ್ನು ಬಲ್ಲರೆಂಬುದನ್ನು ಕೆಲವು ಲೆಕ್ಕಗಳ ಮೂಲಕ ಪರಸ್ಪರ ಖಚಿತಪಡಿಸಿಕೊಳ್ಳುತ್ತಾರೆ. ಹೆಸರು ಒಂದೇ ಇದ್ದು ಪಾಸ್‌ವರ್ಡು ಬೇರೆಯಾದರೆ ನಂಟು ಕುದುರುವುದಿಲ್ಲ. ಬೀಗವಿಲ್ಲದ ಜಾಲದಲ್ಲಿ ಈ ಪರೀಕ್ಷೆಯೇ ಇಲ್ಲ; ಹೆಸರು ಹೊಂದಿದರೆ ಸಾಕು.

ಕಂಪ್ಲಿಯ ವಿದ್ಯಾರ್ಥಿನಿಗೆ ಆದದ್ದು ಕೇವಲ ಆಕಸ್ಮಿಕವೆಂದು ತೋರುತ್ತದೆ. ಇದನ್ನೇ ಕುಹಕಕ್ಕೆ ಉಪಯೋಗಿಸುವವರೂ ಇದ್ದಾರೆ. ವಿಮಾನ ನಿಲ್ದಾಣಗಳಲ್ಲಿಯೂ ಹಾರುವ ವಿಮಾನದ ಒಳಗೂ ಉಚಿತ ಜಾಲದ ಸೋಗಿನಲ್ಲಿ ತನ್ನದೇ ಜಾಲವನ್ನು ತೆರೆದು ಪ್ರಯಾಣಿಕರ ವಿವರಗಳನ್ನು ಕದ್ದನೆಂದು ಆಸ್ಟ್ರೇಲಿಯದ ಪೊಲೀಸರು ೨೦೨೪ರಲ್ಲಿ ಒಬ್ಬನ ಮೇಲೆ ಆರೋಪ ಹೊರಿಸಿದರು. ವಿರೂಪಾಪುರಗಡ್ಡೆಯ ಹಳೆಯ ಹೆಸರು ಪಟ್ಟಿಯಲ್ಲಿದ್ದರೇನು ಎಂಬ ಪ್ರಶ್ನೆಗೆ ಉತ್ತರ ಇದೇ. ಬೀಗವಿಲ್ಲದ ಹಳೆಯ ಹೆಸರುಗಳನ್ನು ಎಲ್ಲಕ್ಕಿಂತ ಮೊದಲು ಅಳಿಸಿರಿ.

ಭಯದಿಂದ ಲ್ಯಾಪ್‌ಟಾಪನ್ನೇ ಮುಚ್ಚಿಡಬೇಕಾಗಿಲ್ಲ. ಬ್ಯಾಂಕಿನ ಪುಟಗಳು ತಮ್ಮದೇ ಗೂಢಲಿಪಿಯಲ್ಲಿ ಮಾತನಾಡುವುದರಿಂದ ನಡುವಿನ ಜಾಲದವನಿಗೆ ಆ ಮಾತು ಅರ್ಥವಾಗುವುದಿಲ್ಲ. ನೀವು ಯಾವ ಬ್ಯಾಂಕಿಗೆ ಹೋದಿರೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ, ಏನು ಮಾಡಿದಿರೆಂಬುದು ತಿಳಿಯದು. ಅಪಾಯವಿರುವುದು ಬೇರೆ ಕಡೆ: ಸೇರಿದೊಡನೆ ತಾನಾಗಿ ಎದ್ದುಬಂದು ಇಮೇಲಿನ ಪಾಸ್‌ವರ್ಡು ಕೇಳುವ, ಆಧಾರ್ ಸಂಖ್ಯೆ ಕೇಳುವ ಪುಟಗಳಲ್ಲಿ. ಅಲ್ಲಿ ಏನನ್ನೂ ಬರೆಯಬಾರದು. ಬ್ರೌಸರು ಈ ಪುಟ ಸುರಕ್ಷಿತವಲ್ಲವೆಂದು ಎಚ್ಚರಿಸಿದರೆ ಅದರ ಮಾತನ್ನು ಮೀರಿ ಮುಂದೆ ಹೋಗಲೂ ಬಾರದು.

ರೈಲು ನಿಲ್ದಾಣಗಳ ವಿಷಯ ಸ್ವಲ್ಪ ಬೇರೆ. ಭಾರತೀಯ ರೈಲ್ವೆಯ ನಿಲ್ದಾಣಗಳಲ್ಲಿ ೨೦೧೬ರಿಂದ ಮೊದಲಾಗಿ ರೈಲ್‌ವೈರ್ ಹೆಸರಿನ ಉಚಿತ ಜಾಲ ಹರಡಿ ಆರು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಟ್ಟಿದೆ. ಅಲ್ಲಿ ಹೆಸರಿಗೆ ಸೇರುವುದು ಸುಲಭ. ಮೊಬೈಲ್ ಸಂಖ್ಯೆ ಕೊಟ್ಟು ಬಂದ ಓಟಿಪಿ ಬರೆಯುವವರೆಗೂ ಇಂಟರ್ನೆಟ್ಟು ಮಾತ್ರ ಬರುವುದಿಲ್ಲ. ಒಮ್ಮೆ ಸೇರಿದ ಲ್ಯಾಪ್‌ಟಾಪು ಮುಂದಿನ ಪ್ರಯಾಣದಲ್ಲಿ ಪ್ಲಾಟ್‌ಫಾರಂ ಮುಟ್ಟಿದೊಡನೆ ಆ ಹೆಸರಿಗೆ ಅಂಟಿಕೊಂಡು, ಸಂಪರ್ಕವಿದೆ, ಇಂಟರ್ನೆಟ್ಟಿಲ್ಲ ಎಂಬ ವಿಚಿತ್ರ ವಾಕ್ಯವನ್ನು ತೋರಿಸುತ್ತ ಕೂರುತ್ತದೆ. ಯಂತ್ರ ಕೆಟ್ಟಿದೆಯೆಂದು ಹಲವರು ಅದನ್ನು ಅಂಗಡಿಗೆ ಒಯ್ಯುವುದುಂಟು. ಕೆಟ್ಟಿರುವುದಿಲ್ಲ. ಊರಿಗೆ ಬಂದಮೇಲೆ ಆ ಹೆಸರನ್ನು ಮರೆಸಿಬಿಟ್ಟರಾಯಿತು.

ಪರರ ಜಾಲದಲ್ಲಿ ತಿಳಿಯದೆ ಇರುವುದರಿಂದ ನಮಗೇನು ನಷ್ಟ, ಅವರಿಗೇನು ನಷ್ಟ ಎಂದು ಚಿತ್ತವಾಡಗಿಯವರು ತಮ್ಮ ಎರಡನೆಯ ಪತ್ರದಲ್ಲಿ ಕೇಳಿದ್ದಾರೆ. ೨೦೦೮ರ ಜುಲೈ ೨೬ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸ್ಫೋಟಿಸುವ ಕೆಲವೇ ನಿಮಿಷಗಳ ಮುಂಚೆ ಸುದ್ದಿಸಂಸ್ಥೆಗಳಿಗೆ ಒಂದು ಬೆದರಿಕೆಯ ಇಮೇಲು ಬಂದಿತು. ಅದು ಹೊರಟ ವಿಳಾಸವನ್ನು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕನ್ನನ ಮನೆಯನ್ನು. ಅವನ ವೈ-ಫೈಗೆ ಭದ್ರವಾದ ಬೀಗವಿರಲಿಲ್ಲ. ಬೇರೆ ಯಾರೋ ಅದರ ಮೂಲಕ ಕಳುಹಿಸಿದ್ದರು. ಹೊರಗಿನ ಲೋಕಕ್ಕೆ ಕಾಣುವುದು ಸಂಪರ್ಕದ ಯಜಮಾನನ ವಿಳಾಸ ಮಾತ್ರ. ಒಳಗಿನಿಂದ ಯಾರು ಬರೆದರೆಂಬುದು ಕಾಣದು. ಆ ಮನುಷ್ಯನು ವಿಚಾರಣೆಗಳನ್ನು ಎದುರಿಸಬೇಕಾಯಿತು. ಇದಾದ ಮೇಲೆ ೨೦೦೯ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ವೈ-ಫೈ ಸಂಪರ್ಕಗಳನ್ನು ಭದ್ರಪಡಿಸುವ ಬಗ್ಗೆ ಸೇವಾ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಅನುಮತಿಯಿಲ್ಲದೆ ಪರರ ಜಾಲವನ್ನು ಪ್ರವೇಶಿಸುವುದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ನೆಯ ಪ್ರಕರಣಕ್ಕೆ ಸೇರುತ್ತದೆ. ಅಪ್ರಾಮಾಣಿಕ ಉದ್ದೇಶವಿದ್ದರೆ ೬೬ನೆಯ ಪ್ರಕರಣದ ಪ್ರಕಾರ ಮೂರು ವರ್ಷದವರೆಗೆ ಸೆರೆಯೂ ಆಗಬಹುದು. ಅಜ್ಜಿಯನ್ನು ಕೇಳಿ ಪಾಸ್‌ವರ್ಡು ತಂದ ಹುಡುಗ ಇದಕ್ಕೆ ಹೆದರಬೇಕಾದ್ದಿಲ್ಲ. ಆದರೆ ಮೂರು ದಿನಕ್ಕೆಂದು ಕೇಳಿದ್ದು ವರ್ಷದವರೆಗೆ ನಡೆದಿದೆ. ಅಷ್ಟು ಕಾಲ ಇವರ ಮನೆಯ ಸಿನಿಮಾ, ಪಾಠ, ಅಪ್‌ಡೇಟುಗಳ ಒಂದು ಪಾಲು ಆ ಮನೆಯ ಹೆಸರಿನಲ್ಲಿ ಹರಿದಿದೆ. ಯಾರು ಯಾರನ್ನು ಎಳೆದುಕೊಂಡರು ಎಂಬ ಪ್ರಶ್ನೆಯನ್ನು ಈಗ ಕೇಳುವುದಾದರೆ ಕೇಳಬೇಕಾದವರು ಹಿಂದಿನ ಮನೆಯವರು. ಅವರಿಗೆ ವಿಷಯ ತಿಳಿಸಿ, ಪಾಸ್‌ವರ್ಡು ಬದಲಾಯಿಸಿಕೊಳ್ಳಿರೆಂದು ಹೇಳಿಬರುವುದು ಉಚಿತ. ಮಗನನ್ನೇ ಕಳುಹಿಸಬಹುದು.

ಬದಲಾಯಿಸುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ತಮ್ಮ ಜಾಲದಲ್ಲಿ ಪರರು ಕುಳಿತಿರಬಹುದೆಂಬ ಸಂಶಯವಿರುವ ಎಲ್ಲರಿಗೂ ಅದು ಬೇಕಾಗುತ್ತದೆ. ರೌಟರಿನ ಬೆನ್ನಿನ ಚೀಟಿಯಲ್ಲಿ ಅದರ ಒಳಪುಟದ ವಿಳಾಸವೂ ಪ್ರವೇಶದ ಪದವೂ ಅಚ್ಚಾಗಿರುತ್ತವೆ. ಒಳಗೆ ಹೋದರೆ ಸೇರಿರುವ ಯಂತ್ರಗಳ ಪಟ್ಟಿ ಕಾಣುತ್ತದೆ. ಪಟ್ಟಿಯಲ್ಲಿ ಅಪರಿಚಿತ ಹೆಸರು ಕಂಡೊಡನೆ ಕಳ್ಳನೆಂದು ಕೂಗಬೇಡಿ; ಈಚಿನ ಫೋನುಗಳು ತಮ್ಮ ನಿಜವಾದ ಯಂತ್ರಸಂಖ್ಯೆಯನ್ನು ಮರೆಮಾಚಿ ಬೇರೆ ಸಂಖ್ಯೆ ತೋರಿಸುವುದುಂಟು, ಆ ಅಪರಿಚಿತನು ಮನೆಯ ಸೊಸೆಯ ಫೋನೇ ಆಗಿರಬಹುದು. ಬೀಗದ ಬಗೆ ಡಬ್ಲ್ಯೂಪಿಎ೨ ಅಥವಾ ೨೦೧೮ರಲ್ಲಿ ಬಂದ ಡಬ್ಲ್ಯೂಪಿಎ೩ ಇರಲಿ. ಡಬ್ಲ್ಯೂಇಪಿ ಎಂಬ ಹಳೆಯ ಬೀಗ ೨೦೦೧ರಲ್ಲೇ ಮುರಿದುಬಿದ್ದದ್ದು. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗುಂಡಿ ಒತ್ತಿ ಸೇರಿಸುವ ಡಬ್ಲ್ಯೂಪಿಎಸ್ ಎಂಬ ಸೌಕರ್ಯವನ್ನು ನಿಲ್ಲಿಸಿಡಿ. ಅದರ ಎಂಟಂಕಿಯ ಪಿನ್ನಿನಲ್ಲಿ ಕೊರತೆಯಿದೆಯೆಂದು ೨೦೧೧ರಲ್ಲೇ ಬೆಳಕಿಗೆ ಬಂದಿದೆ. ತಯಾರಕರು ಇಟ್ಟ ಹೆಸರನ್ನು ತೆಗೆದು ಬೇರೆ ಹೆಸರಿಡಿ. ಕಂಪ್ಲಿಯವರು ಇದನ್ನೂ ಪಾಸ್‌ವರ್ಡಿನ ಕೆಲಸವನ್ನೂ ಇಂದೇ ಮಾಡಲಿ. ಮನೆಯ ಯಜಮಾನರ ಹೆಸರನ್ನಾಗಲಿ ಮನೆಯ ಸಂಖ್ಯೆಯನ್ನಾಗಲಿ ಇಡಬೇಡಿ, ಬೀದಿಗೆಲ್ಲ ಕೂಗಿ ಹೇಳಿದಂತಾಗುತ್ತದೆ. ಅನೇಕ ರೌಟರುಗಳಲ್ಲಿ ಅತಿಥಿಗಳಿಗೆಂದೇ ಎರಡನೆಯ ಹೆಸರೊಂದನ್ನು ತೆರೆಯುವ ಅನುಕೂಲವುಂಟು. ನೆಂಟರಿಗೂ ನೆರೆಯವರಿಗೂ ಅದನ್ನೇ ಕೊಡಿ. ಅವರು ಹೊರಟಮೇಲೆ ಅದನ್ನು ಮುಚ್ಚಬಹುದು, ಸ್ವಂತ ಪಾಸ್‌ವರ್ಡು ಬದಲಾಯಿಸುವ ತಾಪತ್ರಯವಿಲ್ಲ.

ಉಳಿದದ್ದು ಒಂದು ಸಣ್ಣ ಸಂಗತಿ. ಸಂಡೂರಿನ ಉಪಾಧ್ಯಾಯರು ತಮ್ಮ ಪರದೆಯಲ್ಲಿ ಡೈರೆಕ್ಟ್ ಎಂಬ ಪದದಿಂದ ಆರಂಭವಾಗುವ, ಅಂಕಿಗಳಿಂದ ತುಂಬಿದ ಅಪರಿಚಿತ ಜಾಲವೊಂದು ದಿನವೂ ಕಾಣುವುದಾಗಿ ಬರೆದು, ಅದು ಯಾರದೆಂದು ತಿಳಿಯಬಯಸಿದ್ದಾರೆ. ಅವರ ಮನೆಯಲ್ಲಿ ಹೊಸ ಪ್ರಿಂಟರೋ ಟಿವಿಯೋ ಇದ್ದರೆ ಅದು ಅವರದೇ. ಅಂಥ ಉಪಕರಣಗಳು ನೇರವಾಗಿ ಫೋನಿನೊಡನೆ ಮಾತನಾಡಲು ತಮ್ಮದೇ ಪುಟ್ಟ ಜಾಲವನ್ನು ತೆರೆದಿಟ್ಟಿರುತ್ತವೆ. ಉಪಕರಣದ ಸೆಟ್ಟಿಂಗ್ಸಿನಲ್ಲಿ ವೈ-ಫೈ ಡೈರೆಕ್ಟ್ ಎಂಬುದನ್ನು ಆರಿಸಿದರೆ ಹೆಸರು ಮಾಯವಾಗುತ್ತದೆ. ಆರಿಸಿದ ಮೇಲೂ ಕಾಣುತ್ತಿದ್ದರೆ ಎದುರುಮನೆಯಲ್ಲಿ ಹೊಸ ಟಿವಿ ಬಂದಿದೆಯೇ ಎಂದು ವಿಚಾರಿಸಬಹುದು.